ಆಟ ಮರಳಿ ಬಂದಿತು, ತಂಡ ಬರಲಿಲ್ಲ

(ಮಳೆಗಾಲದ ಒಂದು ಸಂಜೆ ಸಾಗರದಲ್ಲಿ ಯುವಕರ ಬಳಗದ ಮುಂದೆ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಯನ್ನು ಅದು ಬಂದ ಜಾಗದಲ್ಲಿಯೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಆಮಂತ್ರಣ ಪತ್ರಿಕೆಯಲ್ಲಿ ‘ಮೊಬೈಲ್ ಆಟಗಳು ಮತ್ತು ಯುವಜನ’ ಎಂದು ಅಚ್ಚಾಗಿದೆ. ಅದನ್ನು ಓದಿ, ಮಗನ ಕಿವಿಗೆ ನಾಲ್ಕು ಬುದ್ಧಿಮಾತು ಬೀಳಲಿ ಎಂದು ಎಳೆದು ತಂದಿರುವ ತಂದೆತಾಯಂದಿರು ಮುಂದಿನ ಸಾಲಿನಲ್ಲಿಯೇ ಕುಳಿತಿದ್ದೀರಿ. ನಿಮಗೆ ಮೊದಲೇ ಹೇಳಿಬಿಡುತ್ತೇನೆ: ಆಟದ ಚಟದ ಬಗ್ಗೆ ನಾನು ಮಾತನಾಡುವುದಿಲ್ಲ. ಅದು ನಿಜವಾದ ಸಮಸ್ಯೆ. ವಿಶ್ವ ಆರೋಗ್ಯ ಸಂಸ್ಥೆ ಅದನ್ನು ತನ್ನ ರೋಗಗಳ ಪಟ್ಟಿಗೆ ಸೇರಿಸಿದೆ, ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಅದಕ್ಕೆಂದೇ ‘ಶಟ್’ ಎಂಬ ಕ್ಲಿನಿಕ್ ಇದೆ, ಅಗತ್ಯವಿದ್ದವರು ಅಲ್ಲಿಗೆ ಹೋಗಬೇಕು. ದುಡ್ಡು ಕಟ್ಟಿ ಆಡುವ ರಮ್ಮಿಯಂಥವುಗಳೂ ನನ್ನ ವಿಷಯವಲ್ಲ. 2025ರ ಆಗಸ್ಟ್‌ನಲ್ಲಿ ಸಂಸತ್ತು ಕಾನೂನು ಮಾಡಿ ಅವುಗಳ ಬಾಗಿಲು ಹಾಕಿಸಿದಾಗ ನನ್ನ ಕಣ್ಣಿನಲ್ಲಿ ಒಂದು ಹನಿಯೂ ಬರಲಿಲ್ಲ. ನಾನು ಬಂದಿರುವುದು ಬೇರೆಯೇ ಜನರ ಪರವಾಗಿ. ಗೆಳೆಯರೊಡನೆ ಆಡುತ್ತಿದ್ದ ಆಟವೊಂದು ಮುಚ್ಚಿಹೋದಾಗ ಅತ್ತವರು, ಅತ್ತದ್ದನ್ನು ಯಾರಿಗೂ ಹೇಳಲಾಗದೆ ಮುಖ ತೊಳೆದುಕೊಂಡು ಊಟಕ್ಕೆ ಬಂದು ಕುಳಿತವರು.

2020ರ ಅಕ್ಟೋಬರ್ 30. ದಿನಾಂಕ ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಕೆಲವರು ತಲೆ ಎತ್ತಿದಿರಿ. ಮುಂದಿನ ಸಾಲಿನವರಿಗೆ ಅದು ಕ್ಯಾಲೆಂಡರಿನ ಇನ್ನೊಂದು ಚೌಕ ಅಷ್ಟೆ. ಅಂದು ಭಾರತದಲ್ಲಿ ಪಬ್‌ಜಿ ಮೊಬೈಲ್ ಎಂಬ ಆಟದ ಸರ್ವರ್‌ಗಳು, ಅಂದರೆ ಆಟವನ್ನು ನಡೆಸುವ ಕಂಪ್ಯೂಟರ್‌ಗಳು, ನಿಂತವು. ಆ ವರ್ಷ ಜೂನ್‌ನಲ್ಲಿ ಗಲ್ವಾನ್ ಕಣಿವೆಯ ಘರ್ಷಣೆ ನಡೆದಿತ್ತು. ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ಕಲಮಿನಡಿ 118 ಆ್ಯಪ್‌ಗಳನ್ನು ನಿಷೇಧಿಸಿತು. ಆಟ ಹುಟ್ಟಿದ್ದು ದಕ್ಷಿಣ ಕೊರಿಯಾದಲ್ಲಿಯಾದರೂ ಮೊಬೈಲ್ ರೂಪವನ್ನು ಇಲ್ಲಿ ನಡೆಸುತ್ತಿದ್ದದ್ದು ಚೀನಾದ ಟೆನ್ಸೆಂಟ್ ಕಂಪನಿ, ಹಾಗಾಗಿ ಪಬ್‌ಜಿಯೂ ಪಟ್ಟಿಗೆ ಬಿತ್ತು. ಫೋನಿನಲ್ಲಿ ಮೊದಲೇ ಹಾಕಿಕೊಂಡಿದ್ದವರು ಇನ್ನೂ ಸುಮಾರು ಎರಡು ತಿಂಗಳು ಆಡಿದರು. ಆಮೇಲೆ ಅದೂ ನಿಂತಿತು. ನಿಷೇಧ ಸರಿಯೋ ತಪ್ಪೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಗಡಿಯಲ್ಲಿ ಸೈನಿಕರು ಪ್ರಾಣ ಕೊಟ್ಟಿರುವಾಗ ‘ನನ್ನ ಆಟ ಹೋಯಿತು’ ಎಂದು ಯಾವ ಹುಡುಗ ಬಾಯಿ ಬಿಟ್ಟಾನು? ಮನೆಯಲ್ಲಿ ಹೇಳಿದರೆ ‘ಒಳ್ಳೆಯದೇ ಆಯಿತು, ಪುಸ್ತಕ ತೆಗೆ’ ಎಂಬ ಉತ್ತರ. ಊರೆಲ್ಲ ಸಂತೋಷಪಡುತ್ತಿದ್ದ ಸಾವು ಅದು.

ಅಮೆರಿಕದ ಕೆನೆತ್ ಡೋಕಾ ಎಂಬ ವಿದ್ವಾಂಸರು ದುಃಖವನ್ನೇ ಅಧ್ಯಯನ ಮಾಡಿದವರು. ಸಮಾಜವು ದುಃಖವೆಂದು ಒಪ್ಪಿಕೊಳ್ಳದ ದುಃಖಗಳಿವೆ ಎಂದು 1989ರಲ್ಲಿ ಅವರು ಬರೆದರು. ನಷ್ಟ ಆಗಿರುತ್ತದೆ, ಆದರೆ ಅದನ್ನು ನಾಲ್ಕು ಜನರ ಮುಂದೆ ಹೇಳುವಂತಿಲ್ಲ, ಆಚರಿಸುವಂತಿಲ್ಲ, ಸಾಂತ್ವನ ಹೇಳಲು ಯಾರೂ ಬರುವುದಿಲ್ಲ. ಸಾಕಿದ ನಾಯಿ ಸತ್ತಾಗ, ಬಿಟ್ಟುಹೋದ ಸಂಗಾತಿ ತೀರಿಕೊಂಡಾಗ ಮನುಷ್ಯ ಈ ಇಕ್ಕಟ್ಟಿಗೆ ಸಿಲುಕುತ್ತಾನೆ. ನಮ್ಮಲ್ಲಿ ಸಾವಿಗೆ ಸೂತಕವಿದೆ, ದಿನಕರ್ಮಗಳಿವೆ, ಹೆಗಲ ಮೇಲೆ ಟವೆಲು ಹಾಕಿಕೊಂಡು ಜಗಲಿಯಲ್ಲಿ ಸುಮ್ಮನೆ ಕುಳಿತು ಹೋಗುವ ನೆರೆಯವರಿದ್ದಾರೆ. ಅವರು ಏನನ್ನೂ ಮಾತನಾಡುವುದಿಲ್ಲ, ಆದರೂ ಅವರು ಬಂದು ಹೋದದ್ದು ಲೆಕ್ಕಕ್ಕೆ ಬರುತ್ತದೆ. ಆಟ ಕಳೆದುಕೊಂಡವನ ಜಗಲಿಗೆ ಬರಬೇಕಾಗಿದ್ದ ನಾಲ್ವರು ಇದ್ದದ್ದೇ ಆ ಆಟದೊಳಗೆ. ಆಟದ ಜೊತೆಗೆ ಅವರೂ ಹೋದರು.

ಹೊಸನಗರದ ಕಡೆಯ ಒಂದು ಹಳ್ಳಿಯ ಹುಡುಗರನ್ನು ಆ ವರ್ಷ ನಾನು ಹತ್ತಿರದಿಂದ ಬಲ್ಲೆ. ಲಾಕ್‌ಡೌನ್ ಕಾಲ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ. ಮಲೆನಾಡಿನ ಹಲವು ಊರುಗಳಲ್ಲಿ ಆದಂತೆ ಅವರೂ ಗುಡ್ಡದ ನೆತ್ತಿಯಲ್ಲಿ ನಾಲ್ಕು ಗಳು ನೆಟ್ಟು, ಟಾರ್ಪಾಲು ಎಳೆದು ಕಟ್ಟಿ, ಅದರಡಿ ಕುಳಿತು ಆನ್‌ಲೈನ್ ತರಗತಿ ಕೇಳುತ್ತಿದ್ದರು. ಪತ್ರಿಕೆಯವರು ಬಂದು ಫೋಟೋ ತೆಗೆದು ‘ವಿದ್ಯೆಗಾಗಿ ಬೆಟ್ಟ ಏರಿದ ಮಕ್ಕಳು’ ಎಂಬ ಧಾಟಿಯಲ್ಲಿ ಬರೆದರು. ತರಗತಿ ಮುಗಿದ ಮೇಲೆ ಅದೇ ಟಾರ್ಪಾಲಿನಡಿ ಏನು ನಡೆಯುತ್ತಿತ್ತು ಎಂಬುದನ್ನು ಯಾರೂ ಬರೆಯಲಿಲ್ಲ. ನಾಲ್ವರ ಒಂದು ತಂಡ. ಇಬ್ಬರು ಗುಡ್ಡದ ಮೇಲೆ, ಒಬ್ಬ ಗುಲ್ಬರ್ಗದಲ್ಲಿ, ಇನ್ನೊಬ್ಬ ಅಸ್ಸಾಮಿನಲ್ಲಿ. ಅಸ್ಸಾಮಿನವನ ಭಾಷೆ ಇವರಿಗೆ ಬಾರದು, ಇವರದು ಅವನಿಗೆ ಬಾರದು. ಹರಕು ಹಿಂದಿಯೇ ಸೇತುವೆ. ನೂರು ಜನ ಪ್ಯಾರಾಚೂಟಿನಲ್ಲಿ ಇಳಿದು ಕೊನೆಗೆ ಒಬ್ಬರೋ ಒಂದು ತಂಡವೋ ಉಳಿಯುವ ಆಟ ಎಂದು ಹೊರಗಿನವರು ವರ್ಣಿಸುತ್ತಾರೆ. ಆಡುವವರಿಗೆ ಅದರ ಬಹುಪಾಲು ಗುಂಡು ಹಾರಿಸುವುದಲ್ಲ, ನಡೆಯುವುದು. ಎಂಟು ಕಿಲೋಮೀಟರ್ ಉದ್ದ, ಎಂಟು ಕಿಲೋಮೀಟರ್ ಅಗಲದ ಎರಾಂಗೆಲ್ ಎಂಬ ದ್ವೀಪದಲ್ಲಿ ಹುಲ್ಲಿನ ನಡುವೆ, ಮನೆಗಳ ಮರೆಯಲ್ಲಿ ನಡೆಯುತ್ತ ಹರಟುವುದು. ಮನೆಯಲ್ಲಿ ಅಪ್ಪನ ಕೆಮ್ಮು, ಅಡಿಕೆಗೆ ಬಂದ ಕೊಳೆ, ಪರೀಕ್ಷೆ ನಡೆಯುತ್ತದೋ ಇಲ್ಲವೋ, ಎಲ್ಲವೂ ಅಲ್ಲಿ ಮಾತಿಗೆ ಬಂದವು. ಮೈಸೂರನ್ನೇ ನೋಡದ ಹುಡುಗನಿಗೆ ಆ ದ್ವೀಪದ ಪೊಚಿಂಕಿ ಎಂಬ ಪಟ್ಟಣದ ಪ್ರತಿ ಮನೆಯ ಮೆಟ್ಟಿಲು ಎಲ್ಲಿದೆ ಎಂದು ಗೊತ್ತಿತ್ತು. ಅದನ್ನು ಊರು ಎನ್ನದೆ ಇನ್ನೇನು ಎನ್ನಲಿ?

‘ಅವೆಲ್ಲ ನಿಜವಾದ ಗೆಳೆತನವೇ?’ ಎಂದು ಕೇಳುವವರಿಗಾಗಿ ನಾರ್ವೆಯ ಮಾಟ್ಸ್ ಸ್ಟೀನ್ ಅವರ ಕಥೆ ಹೇಳಬೇಕು. ಸ್ನಾಯುಗಳು ಕ್ರಮೇಣ ಶಕ್ತಿ ಕಳೆದುಕೊಳ್ಳುವ ಕಾಯಿಲೆಯಿಂದ ಗಾಲಿಕುರ್ಚಿ ಹಿಡಿದಿದ್ದ ಈ ಯುವಕ 2014ರಲ್ಲಿ, 25ನೇ ವಯಸ್ಸಿನಲ್ಲಿ ತೀರಿಕೊಂಡರು. ಮಗ ವರ್ಷಗಟ್ಟಲೆ ಕಂಪ್ಯೂಟರಿನ ಮುಂದೆ ಒಂಟಿಯಾಗಿ ಕುಳಿತು ಜೀವನ ಕಳೆದ ಎಂಬುದೇ ತಂದೆತಾಯಿಗೆ ದೊಡ್ಡ ಸಂಕಟವಾಗಿತ್ತು. ಅವರು ಸಾವಿನ ಸುದ್ದಿಯನ್ನು ಮಗನ ಬ್ಲಾಗಿನಲ್ಲಿ ಹಾಕಿದರು, ಮಿಂಚಂಚೆ ವಿಳಾಸವನ್ನೂ ಕೊಟ್ಟರು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಟದಲ್ಲಿ ಮಗನ ಜೊತೆಗಿದ್ದವರಿಂದ ಪತ್ರಗಳು ಬರತೊಡಗಿದವು. ಕಷ್ಟದಲ್ಲಿ ಮಾತನಾಡಿಸಿದವನು, ಜಗಳ ಬಿಡಿಸಿದವನು, ಮಗುವಿನ ಜೊತೆ ಹೇಗೆ ಮಾತನಾಡಬೇಕೆಂದು ತಾಯಿಯೊಬ್ಬಳಿಗೆ ಹೇಳಿಕೊಟ್ಟವನು ಎಂದೆಲ್ಲ ಬರೆದಿದ್ದರು. ಬೇರೆ ದೇಶಗಳಿಂದ ಕೆಲವರು ಅಂತ್ಯಕ್ರಿಯೆಗೂ ಬಂದರು. ಪಕ್ಕದ ಕೋಣೆಯಲ್ಲಿದ್ದ ಮಗನಿಗೆ ಇಷ್ಟು ದೊಡ್ಡ ಬಳಗವಿದ್ದದ್ದು ಮನೆಯವರಿಗೆ ತಿಳಿದದ್ದು ಹಾಗೆ.

ಇನ್ನು ನನ್ನ ಕಸುಬಿಗೆ ಬರುತ್ತೇನೆ, ಏಕೆಂದರೆ ಈ ಮಾತಿನ ತಿರುಳು ಅಲ್ಲಿದೆ. ನಿಮ್ಮಲ್ಲಿ ಮೂವತ್ತು ದಾಟಿದವರಿಗೆ ನಾನು ಬ್ರೌಸಿಂಗ್ ಸೆಂಟರಿನ ಅಣ್ಣ. ಬೆಳಿಗ್ಗೆ ಪಿಯುಸಿ ಫಲಿತಾಂಶ, ಮಧ್ಯಾಹ್ನ ಅರ್ಜಿ ತುಂಬುವವರು, ಸಂಜೆಯಾದರೆ ಕೌಂಟರ್-ಸ್ಟ್ರೈಕ್ ಎಂಬ ಗುಂಡಿನ ಕಾಳಗದ ಆಟ. 2011ರಲ್ಲಿ ಬಂದ ಸೈಬರ್ ಕೆಫೆ ನಿಯಮಗಳ ಪ್ರಕಾರ ನಡುವಿನ ಮರೆಗಳು ನಾಲ್ಕೂವರೆ ಅಡಿಗಿಂತ ಎತ್ತರ ಇರುವಂತಿಲ್ಲ. ಸರ್ಕಾರಕ್ಕೆ ಬೇರೆ ಭಯವಿತ್ತು. ನಮ್ಮ ಹುಡುಗರಿಗೆ ಅದರಿಂದ ಆದ ಲಾಭವೆಂದರೆ, ಎದ್ದು ನಿಂತು ಮರೆಯ ಮೇಲಿನಿಂದ ಎದುರಾಳಿಯನ್ನು ಬೈಯಲು ಅನುಕೂಲವಾಯಿತು. ಆ ಆಟದ ಸರ್ವರ್ ಎಲ್ಲಿತ್ತು ಗೊತ್ತೇ? ನನ್ನ ಮೇಜಿನ ಕಾಲ ಬಳಿ. ಮುಚ್ಚಳ ಬಿಚ್ಚಿದ, ಧೂಳು ಹಿಡಿದ ಒಂದು ಹಳೆಯ ಡಬ್ಬ. ಸರ್ವರ್ ನಡೆಸುವ ತಂತ್ರಾಂಶವನ್ನು ಆಟ ಮಾಡಿದವರೇ ಎಲ್ಲರಿಗೂ ಕೊಟ್ಟಿದ್ದರು. ಇಂಟರ್ನೆಟ್ ಹೋಗಲಿ, ಅದು ಇಲ್ಲಿ ಮಳೆ ಬಂದರೆ ಹೋಗಿಯೇ ಹೋಗುತ್ತಿತ್ತು, ಕೋಣೆಯೊಳಗಿನ ತಂತಿ ಸರಿಯಿದ್ದರೆ ಹತ್ತು ಜನ ಆಡಬಹುದಿತ್ತು. ಆ ಜಗತ್ತನ್ನು ಮುಚ್ಚುವ ಅಧಿಕಾರ ಅಮೆರಿಕದ ಕಂಪನಿಗೂ ಇರಲಿಲ್ಲ. ನನಗಿತ್ತು, ಮೆಸ್ಕಾಂಗಿತ್ತು.

ಈಗಿನ ಆಟಗಳು ಹಾಗಲ್ಲ. ನಿಮ್ಮ ಫೋನಿನಲ್ಲಿರುವುದು ಚಿತ್ರ, ಸದ್ದು, ಗುಂಡಿಗಳು. ಯಾರು ಎಲ್ಲಿ ನಿಂತಿದ್ದಾರೆ, ಯಾರ ಗುಂಡು ಯಾರಿಗೆ ತಾಗಿತು, ಯಾರ ಚೀಲದಲ್ಲಿ ಏನಿದೆ ಎಂಬ ಲೆಕ್ಕವೆಲ್ಲ ದೂರದ ಸರ್ವರ್‌ನಲ್ಲಿ ನಡೆಯುತ್ತದೆ. ಮೋಸ ತಡೆಯಲು ಅದು ಬೇಕು, ಒಪ್ಪುತ್ತೇನೆ. ಕೌಂಟರ್-ಸ್ಟ್ರೈಕ್‌ನ ಲೆಕ್ಕವೂ ಸರ್ವರ್‌ನಲ್ಲಿಯೇ ಇತ್ತು, ಆದರೆ ಅದು ನಮ್ಮ ಕೋಣೆಯಲ್ಲಿತ್ತು. ಈಗ ಆ ಲೆಕ್ಕದ ಪುಸ್ತಕವನ್ನು ಮುಚ್ಚಿದರೆ ನಿಮ್ಮ ಕೈಯಲ್ಲಿ ಉಳಿಯುವುದು ಖಾಲಿ ಗೂಡು. ಆಟವನ್ನು ಮುಚ್ಚಲು ಕಂಪನಿಗಳಿಗೆ ಕಾರಣಗಳೂ ಇರುತ್ತವೆ: ಸರ್ವರ್ ಬಾಡಿಗೆ, ದೋಷ ಸರಿಪಡಿಸುವ ಸಿಬ್ಬಂದಿಯ ಸಂಬಳ, ಆಟದೊಳಗಿನ ಕಾರು, ಹಾಡು ಮುಂತಾದವುಗಳ ಪರವಾನಗಿಯ ಅವಧಿ, ಕಡಿಮೆಯಾಗುತ್ತ ಬಂದ ಆಟಗಾರರು. ಕಾರಣ ಇಲ್ಲ ಎಂದು ನಾನು ಹೇಳುತ್ತಿಲ್ಲ. ಕಾರಣ ಯಾವುದೇ ಇರಲಿ, ಬೀಗದ ಕೈ ಒಬ್ಬರ ಬಳಿ, ಬಾಳುವೆ ಸಾವಿರಾರು ಜನರದ್ದು. ದುಃಖದ ಬೇರು ಅಲ್ಲಿದೆ.

ಕೆಲವು ಸಲ ಕಂಪನಿಯ ಕೈಯಲ್ಲಿಯೂ ಬೀಗದ ಕೈ ಇರುವುದಿಲ್ಲ. ಫಾರ್ಮ್‌ವಿಲ್ ನೆನಪಿದೆಯೇ? 2009ರಲ್ಲಿ ಫೇಸ್‌ಬುಕ್ಕಿನಲ್ಲಿ ಶುರುವಾದ ಬೇಸಾಯದ ಆಟ. ಮನೆಯ ಹಿಂದೆ ನಾಲ್ಕು ಎಕರೆ ಅಡಿಕೆ ತೋಟ ಇದ್ದವರು, ಕೊನೆ ಇಳಿಸಲು ಆಳು ಸಿಗುವುದಿಲ್ಲ ಎಂದು ಗೊಣಗುತ್ತಲೇ ನನ್ನ ಅಂಗಡಿಗೆ ಬಂದು ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು ಸ್ಟ್ರಾಬೆರಿ ಬೆಳೆಯುತ್ತಿದ್ದರು. ನಾಲ್ಕು ಗಂಟೆಯಲ್ಲಿ ಫಸಲು, ಹೊತ್ತಿಗೆ ಸರಿಯಾಗಿ ಬರದಿದ್ದರೆ ಬಾಡಿಹೋಗುತ್ತದೆ. ಕೊಳೆರೋಗ ಇಲ್ಲ, ಮಂಗಗಳ ಕಾಟ ಇಲ್ಲ, ಮಂಡಿಯ ದರವೂ ಇಲ್ಲ. ಮಲೆನಾಡಿನ ರೈತನಿಗೆ ಇದಕ್ಕಿಂತ ದೊಡ್ಡ ಕನಸು ಬೇಕೇ? ಆ ಆಟ ನಿಂತಿದ್ದ ನೆಲದ ಹೆಸರು ಫ್ಲಾಶ್, ಬ್ರೌಸರಿನಲ್ಲಿ ಇಂಥ ಆಟಗಳನ್ನು ನಡೆಸುತ್ತಿದ್ದ ತಂತ್ರಾಂಶ. 2020ರ ಕೊನೆಗೆ ಫ್ಲಾಶ್‌ಗೆ ಬೆಂಬಲ ನಿಲ್ಲಿಸುವುದಾಗಿ ಅಡೋಬಿ ಕಂಪನಿ 2017ರಲ್ಲಿಯೇ ಸಾರಿತ್ತು. 2020ರ ಡಿಸೆಂಬರ್ 31ರಂದು ಫಾರ್ಮ್‌ವಿಲ್ ಕೂಡ ಮುಗಿಯಿತು. ಪರಿಚಯದ ಹಿರಿಯ ಮಹಿಳೆಯೊಬ್ಬರು ತಮ್ಮ ತೋಟದ ಕೊನೆಯ ಚಿತ್ರವನ್ನು ಬಣ್ಣದಲ್ಲಿ ಮುದ್ರಿಸಿಕೊಂಡು ಹೋದರು. ಅಮೆರಿಕಕ್ಕೆ ಹೋದ ಮಗಳೂ ಅವರೂ ಪಕ್ಕಪಕ್ಕದ ತೋಟದವರಾಗಿದ್ದರಂತೆ.

ವಿದಾಯ ಹೇಗೆ ಹೇಳಬೇಕು ಎಂಬುದನ್ನು ಕೆಲವು ಆಟಗಳ ಜನರು ತಾವೇ ಕಂಡುಕೊಂಡಿದ್ದಾರೆ. ‘ಸಿಟಿ ಆಫ್ ಹೀರೋಸ್’ ಎಂಬ ಆಟ ಅಮೆರಿಕದಲ್ಲಿ 2004ರ ಏಪ್ರಿಲ್‌ನಲ್ಲಿ ಶುರುವಾಯಿತು. ಪ್ರತಿಯೊಬ್ಬನೂ ತನ್ನದೇ ಒಬ್ಬ ಮಹಾವೀರನನ್ನು ರೂಪಿಸಿಕೊಂಡು ಒಂದು ನಗರವನ್ನು ಕಾಯುವ ಆಟ. 2012ರ ಆಗಸ್ಟ್ 31ರಂದು, ಯಾರೂ ನಿರೀಕ್ಷಿಸಿರದ ಹೊತ್ತಿನಲ್ಲಿ, ಅದನ್ನು ಮುಚ್ಚುತ್ತೇವೆ ಎಂದು ಎನ್‌ಸಿಸಾಫ್ಟ್ ಕಂಪನಿ ಪ್ರಕಟಿಸಿತು. ಆಟಗಾರರು ಮನವಿ ಬರೆದರು, ಸಹಿ ಸಂಗ್ರಹಿಸಿದರು. ಆಟದೊಳಗೆ ಅಟ್ಲಾಸ್ ಪಾರ್ಕ್ ಎಂಬ ಚೌಕವಿದೆ, ನಡುವೆ ಭೂಮಿಯನ್ನು ಹೊತ್ತು ನಿಂತ ದೊಡ್ಡ ಪ್ರತಿಮೆ. ಹೊಸಬರು ಮೊದಲು ಕಣ್ಣು ಬಿಡುವುದೇ ಅಲ್ಲಿ. ಆ ಪ್ರತಿಮೆಯ ಸುತ್ತ ಸಾವಿರಾರು ವೀರರು ಪಂಜು ಹಿಡಿದು ನಿಂತರು. ಜಾಗ ತುಂಬಿದಂತೆ ಸರ್ವರ್ ಅದೇ ಚೌಕದ ಇನ್ನೊಂದು ಪ್ರತಿಯನ್ನು, ಮತ್ತೊಂದು ಪ್ರತಿಯನ್ನು ತೆರೆಯಬೇಕಾಯಿತು. ಕಂಪನಿ ಮನಸ್ಸು ಬದಲಿಸಲಿಲ್ಲ. ನವೆಂಬರ್ 30ರಂದು ಆಟ ಮುಚ್ಚಿತು. ಆದರೆ ಆ ಜನರಿಗೆ ಮೂರು ತಿಂಗಳು ಸಿಕ್ಕಿತ್ತು. ಯಾರು ಯಾರೆಂದು ತಿಳಿದುಕೊಳ್ಳಲು, ವಿಳಾಸ ಬದಲಿಸಿಕೊಳ್ಳಲು, ಜಗಳವಾಡಿದ್ದವರು ರಾಜಿಯಾಗಲು ಸಾಕಾಗುವಷ್ಟು ಕಾಲ.

ಮಕ್ಕಳ ಆಟ ಕ್ಲಬ್ ಪೆಂಗ್ವಿನ್ 2017ರ ಮಾರ್ಚ್ ಕೊನೆಯಲ್ಲಿ ಮುಚ್ಚಿತು. ಅಲ್ಲಿ ಒಂದು ಮಂಜುಗಡ್ಡೆಯಿತ್ತು. ಸಾಕಷ್ಟು ಪೆಂಗ್ವಿನ್‌ಗಳು ಒಂದೇ ಅಂಚಿಗೆ ಬಂದು ನಿಂತರೆ ಅದು ಮಗುಚಿಕೊಳ್ಳುತ್ತದೆ ಎಂದು ಮಕ್ಕಳು ವರ್ಷಗಟ್ಟಲೆ ನಂಬಿ, ಗುಂಪುಗೂಡಿ, ಕುಣಿದು ಕುಣಿದು ಸೋತಿದ್ದರು. ಮುಚ್ಚುವ ಮುನ್ನ ನಡೆದ ಕೊನೆಯ ಹಬ್ಬದಲ್ಲಿ ಆಟ ಮಾಡಿದವರು ಅದನ್ನು ನಿಜವಾಗಿಯೂ ಮಗುಚುವಂತೆ ಮಾಡಿಕೊಟ್ಟರು. ಇಷ್ಟು ಸಣ್ಣ ಔದಾರ್ಯಕ್ಕೆ ಎಷ್ಟು ಖರ್ಚಾದೀತು? ಇದಕ್ಕೆ ತದ್ವಿರುದ್ಧವಾದ ಇನ್ನೊಂದು ಬಗೆಯೂ ಇದೆ, ಹಟದ್ದು. 2010ರ ಏಪ್ರಿಲ್ 15ರಂದು ಮೈಕ್ರೋಸಾಫ್ಟ್ ಎಕ್ಸ್‌ಬಾಕ್ಸ್ ಎಂಬ ತನ್ನ ಹಳೆಯ ಆಟದ ಯಂತ್ರದ ಆನ್‌ಲೈನ್ ಸೇವೆಯನ್ನು ನಿಲ್ಲಿಸಿತು. ಹ್ಯಾಲೋ 2 ಆಡುತ್ತಿದ್ದ ಹದಿನಾಲ್ಕು ಮಂದಿ ಯಂತ್ರವನ್ನು ಆರಿಸಲೇ ಇಲ್ಲ. ಹೊಸದಾಗಿ ಒಳಗೆ ಬರಲು ಸಾಧ್ಯವಿರಲಿಲ್ಲ, ಆದರೆ ಒಳಗಿದ್ದವರನ್ನು ಹೊರದಬ್ಬಿರಲಿಲ್ಲ. ಆ ಆಟದಲ್ಲಿ ಪಂದ್ಯ ನಡೆಯುತ್ತಿದ್ದದ್ದು ಆಟಗಾರರಲ್ಲೊಬ್ಬರ ಯಂತ್ರದ ಮೇಲೆಯೇ ಆದ್ದರಿಂದ ಇದು ಸಾಧ್ಯವಾಯಿತು. ಯಂತ್ರಗಳು ಬಿಸಿಯಾಗಿ, ಸಂಪರ್ಕ ಕಡಿದು, ಒಬ್ಬೊಬ್ಬರಾಗಿ ಉದುರಿದರು. ಕೊನೆಯವನು ಹೊರಬಿದ್ದದ್ದು ಮೇ ತಿಂಗಳಲ್ಲಿ. ನಮ್ಮ ಕರೆಂಟಿನಲ್ಲಿ ಈ ಹೋರಾಟ ಮೊದಲ ಸಂಜೆಯೇ ಮುಗಿಯುತ್ತಿತ್ತು.

ಈಗ ಪಬ್‌ಜಿಗೆ ಮರಳೋಣ. ‘ಅದು ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಎಂಬ ಹೆಸರಿನಲ್ಲಿ ವಾಪಸು ಬಂದಿತಲ್ಲ, ಇನ್ನೇನು ದುಃಖ?’ ಎಂದು ನೀವು ಕೇಳಬಹುದು. ಹೌದು, 2021ರ ಜುಲೈ 2ರಂದು ಬಂದಿತು. ಕೊರಿಯಾದ ಕ್ರಾಫ್ಟನ್ ಕಂಪನಿಯೇ ನೇರವಾಗಿ ತಂದಿತು. ಎರಾಂಗೆಲ್ ಅದೇ, ಪೊಚಿಂಕಿ ಅದೇ. ಹಳೆಯ ಖಾತೆಯ ಬಟ್ಟೆಗಳು, ಬಂದೂಕಿನ ಬಣ್ಣಗಳು ಎಲ್ಲವನ್ನೂ ಹೊಸ ಖಾತೆಗೆ ವರ್ಗಾಯಿಸಿಕೊಳ್ಳುವ ಸೌಲಭ್ಯವೂ ಇತ್ತು. ಗುಡ್ಡದ ಮೇಲಿನ ಹುಡುಗರು ಮೊದಲ ದಿನವೇ ಹಾಕಿಕೊಂಡರು. ಆ ಹೊತ್ತಿಗೆ ಒಬ್ಬ ಶಿವಮೊಗ್ಗದಲ್ಲಿ ಡಿಪ್ಲೊಮಾ ಸೇರಿದ್ದ. ಗುಲ್ಬರ್ಗದವನು ಎರಡನೇ ಅಲೆಯಲ್ಲಿ ತಂದೆಯನ್ನು ಕಳೆದುಕೊಂಡು ದುಡಿಯಲು ಹೋಗಿದ್ದ ಎಂದು ಬಹಳ ದಿನಗಳ ಮೇಲೆ ತಿಳಿಯಿತು. ಅಸ್ಸಾಮಿನವನ ಸುಳಿವೇ ಇಲ್ಲ. ಅವನ ನಿಜವಾದ ಹೆಸರು ಇವರಿಗೆ ಗೊತ್ತಿರಲಿಲ್ಲ, ಆಟದ ಹೆಸರು ಮಾತ್ರ ಗೊತ್ತಿತ್ತು. ಆ ಹೆಸರನ್ನು ಹೊಸ ಆಟದಲ್ಲಿ ಬೇರೆ ಯಾರೋ ಇಟ್ಟುಕೊಂಡಿದ್ದರು. ಹುಡುಗ ನನಗೆ ಹೇಳಿದ: ‘ಅಣ್ಣಾ, ಎಲ್ಲ ವಾಪಸು ಕೊಟ್ಟಿದ್ದಾರೆ. ಆಡಲು ಯಾರೂ ಇಲ್ಲ.’ 2022ರ ಜುಲೈನಲ್ಲಿ ಅದನ್ನೂ ಸ್ಟೋರ್‌ಗಳಿಂದ ತೆಗೆದರು, 2023ರ ಮೇಯಲ್ಲಿ ಮತ್ತೆ ಬಂದಿತು. ಆ ವೇಳೆಗೆ ಅವನಿಗೆ ಸುದ್ದಿಯೂ ಬೇಕಿರಲಿಲ್ಲ.

ಸಿಟಿ ಆಫ್ ಹೀರೋಸ್ ಕೂಡ ಮರಳಿ ಬಂದಿತು, ಬೇರೆ ದಾರಿಯಲ್ಲಿ. ಕೆಲವು ಅಭಿಮಾನಿಗಳು ವರ್ಷಗಟ್ಟಲೆ ಗುಟ್ಟಾಗಿ ಅದರ ಸರ್ವರ್ ನಡೆಸುತ್ತಿದ್ದದ್ದು 2019ರಲ್ಲಿ ಬಯಲಾಯಿತು. ದೊಡ್ಡ ರಂಪವೇ ಆಯಿತು. ಮುಚ್ಚಿಟ್ಟುಕೊಂಡವರ ಮೇಲೆ ಉಳಿದವರಿಗೆ ಬಂದ ಸಿಟ್ಟು ಕಂಪನಿಯ ಮೇಲಿನ ಸಿಟ್ಟಿಗಿಂತ ಕಡಿಮೆ ಇರಲಿಲ್ಲ. ಆಮೇಲೆ ತಂತ್ರಾಂಶ ಎಲ್ಲರ ಕೈಗೆ ಬಂದು, ‘ಹೋಮ್‌ಕಮಿಂಗ್’ ಎಂಬ ತಂಡ ಬಹಿರಂಗವಾಗಿಯೇ ಸರ್ವರ್ ತೆರೆಯಿತು. 2024ರ ಜನವರಿಯಲ್ಲಿ ಎನ್‌ಸಿಸಾಫ್ಟ್ ಅದಕ್ಕೆ ಅಧಿಕೃತ ಪರವಾನಗಿಯನ್ನೇ ಕೊಟ್ಟಿತು. ಅಲ್ಲಿ ಹಳಬರು ಎಷ್ಟೋ ಮಂದಿ ಒಬ್ಬರನ್ನೊಬ್ಬರು ಪತ್ತೆ ಹಚ್ಚಿಕೊಂಡರು. ಎರಡಕ್ಕೂ ಇರುವ ವ್ಯತ್ಯಾಸ ನೋಡಿ. ಒಂದು ಕಡೆ ಕಂಪನಿ ಆಟವನ್ನು ಮರಳಿ ಕೊಟ್ಟಿತು, ಒಡನಾಟ ಚೆದುರಿಹೋಗಿತ್ತು. ಇನ್ನೊಂದು ಕಡೆ ಒಡನಾಟ ಉಳಿದಿತ್ತು, ಅದೇ ಆಟವನ್ನು ಎಳೆದು ತಂದಿತು. ಅವರಿಗೆ ಬೀಳ್ಕೊಡಲು ಸಮಯ ಸಿಕ್ಕಿದ್ದು ಇದಕ್ಕೆ ಒಂದು ಕಾರಣ ಎಂದೇ ನನ್ನ ತಿಳಿವಳಿಕೆ.

(ಇಲ್ಲಿ ಎರಡನೇ ಸಾಲಿನಿಂದ ಹಿರಿಯರೊಬ್ಬರು ಎದ್ದು ನಿಂತರು. ‘ತಮ್ಮಾ, ನಮ್ಮದು ಶರಾವತಿಯಲ್ಲಿ ಮುಳುಗಿದ ಊರು. ಗದ್ದೆ, ತೋಟ, ದೇವಸ್ಥಾನ ಎಲ್ಲ ಹೋಯಿತು. ನಮ್ಮನ್ನು ಲಾರಿಯಲ್ಲಿ ತುಂಬಿ ಕಳಿಸಿದರು. ನೀನು ಮೊಬೈಲಿನ ಊರಿಗೆ ಅಳಬೇಕು ಎನ್ನುತ್ತೀಯಲ್ಲ, ಇದು ಸರಿಯೇ?’ ಎಂದು ಕೇಳಿದರು. ಸಭೆ ಅವರ ಕಡೆಗೇ ವಾಲಿತು, ನ್ಯಾಯವಾಗಿಯೇ.)

ಯಜಮಾನರೇ, ಆ ತಕ್ಕಡಿಯಲ್ಲಿ ಇವೆರಡನ್ನೂ ನಾನು ಇಡುವುದಿಲ್ಲ. 1964ರಲ್ಲಿ ಲಿಂಗನಮಕ್ಕಿ ತುಂಬಿದಾಗ ಹೋದದ್ದು ಅನ್ನ ಕೊಡುವ ನೆಲ. ಅದರ ಹಕ್ಕುಪತ್ರಕ್ಕಾಗಿ ಮುಳುಗಡೆಯವರ ಮಕ್ಕಳು, ಮೊಮ್ಮಕ್ಕಳು ಇಂದಿಗೂ ಕಚೇರಿ ಅಲೆಯುತ್ತಿದ್ದಾರೆ. ಆಟ ಹೋದವನಿಗೆ ಮರುದಿನ ಊಟಕ್ಕೆ ತೊಂದರೆಯಿಲ್ಲ. ಆದರೆ ನಿಮ್ಮನ್ನೇ ಒಂದು ಕೇಳುತ್ತೇನೆ. ಬೇಸಿಗೆಯಲ್ಲಿ ಹಿನ್ನೀರು ಇಳಿದು ಹಿರೇಭಾಸ್ಕರದ ಹಳೆಯ ಅಣೆಕಟ್ಟೆ ಮೇಲೆದ್ದಾಗ ನೀವು ನೋಡಲು ಹೋಗುತ್ತೀರಿ, ಅಲ್ಲವೇ? (‘ಹೋಗುತ್ತೇನೆ’ ಎಂದರು.) ಅಲ್ಲಿ ನಿಂತಾಗ ಗದ್ದೆಯ ಎಕರೆ ಲೆಕ್ಕ ನೆನಪಾಗುತ್ತದೆಯೋ, ಜೊತೆಗೆ ಈಜಿದವರು ನೆನಪಾಗುತ್ತಾರೋ? (ಅವರು ಕುಳಿತುಕೊಂಡರು. ಕೋಪದಿಂದಲ್ಲ ಎಂದು ನಾನು ಭಾವಿಸಿದ್ದೇನೆ. ಕಾರ್ಯಕ್ರಮದ ನಂತರ ಬಂದು, ‘ಎಕರೆಯೂ ನೆನಪಾಗುತ್ತದೆ, ಸುಳ್ಳು ಹೇಳಬಾರದು’ ಎಂದು ನಕ್ಕರು.)

ಮುಂದೆ ಏನು ಮಾಡಬಹುದು? ಜಗತ್ತಿನಲ್ಲಿ ಒಂದು ಚಳವಳಿಯೇ ಎದ್ದಿದೆ. ಯೂಬಿಸಾಫ್ಟ್ ಕಂಪನಿಯ ‘ದಿ ಕ್ರೂ’ ಎಂಬ ಕಾರ್ ಓಟದ ಆಟ 2014ರಲ್ಲಿ ಬಂದಿತ್ತು. ಒಬ್ಬನೇ ಕುಳಿತು ಆಡಬಹುದಾದ ಭಾಗ ಅದರಲ್ಲಿ ಬೇಕಾದಷ್ಟಿದ್ದರೂ ಸರ್ವರ್ ಇಲ್ಲದೆ ತೆರೆದುಕೊಳ್ಳುತ್ತಿರಲಿಲ್ಲ. 2024ರ ಮಾರ್ಚ್ 31ರಂದು ಸರ್ವರ್ ನಿಂತಾಗ ಪೂರ್ತಿ ಬೆಲೆ ಕೊಟ್ಟು ಡಿಸ್ಕ್ ಕೊಂಡವರ ಕೈಯಲ್ಲಿಯೂ ಏನೂ ಉಳಿಯಲಿಲ್ಲ. ಅದರ ಬೆನ್ನಿಗೇ ರಾಸ್ ಸ್ಕಾಟ್ ಎಂಬವರು ‘ಸ್ಟಾಪ್ ಕಿಲ್ಲಿಂಗ್ ಗೇಮ್ಸ್’ ಎಂಬ ಅಭಿಯಾನ ಶುರುಮಾಡಿದರು. ಆಟಕ್ಕೆ ಎಂದೆಂದಿಗೂ ಬೆಂಬಲ ಕೊಡಿ ಎಂದು ಅವರು ಕೇಳುತ್ತಿಲ್ಲ. ಮುಚ್ಚುವಾಗ, ಕೊಂಡವರು ತಾವೇ ನಡೆಸಿಕೊಂಡು ಹೋಗುವ ಸ್ಥಿತಿಯಲ್ಲಿ ಬಿಟ್ಟು ಹೋಗಿ ಎಂದಷ್ಟೇ ಅವರ ಬೇಡಿಕೆ. ಐರೋಪ್ಯ ಒಕ್ಕೂಟಕ್ಕೆ ಸಲ್ಲಿಸುವ ನಾಗರಿಕ ಮನವಿಗೆ 2025ರ ಜುಲೈ ಗಡುವಿನೊಳಗೆ ಹತ್ತು ಲಕ್ಷಕ್ಕಿಂತ ಹೆಚ್ಚು ಸಹಿಗಳು ಬಂದವು. ಕಂಪನಿಗಳು ಇದು ಅಸಾಧ್ಯ, ದುಬಾರಿ, ಅಪಾಯಕಾರಿ ಎನ್ನುತ್ತಿವೆ. ನನ್ನ ಮೇಜಿನ ಕೆಳಗಿನ ಡಬ್ಬವನ್ನು ನೆನೆಸಿಕೊಂಡರೆ ‘ಅಸಾಧ್ಯ’ ಎಂಬ ಮಾತನ್ನು ಒಪ್ಪಲು ನನಗೆ ಕಷ್ಟವಾಗುತ್ತದೆ. ಈಗಿನ ಆಟಗಳು ಹೆಚ್ಚು ಜಟಿಲ, ಅದು ನಿಜ. ಆದರೆ ಕಟ್ಟುವ ಮೊದಲೇ ಮುಚ್ಚುವ ದಿನವನ್ನು ಯೋಚಿಸಿ ಕಟ್ಟಿದರೆ ಖರ್ಚು ಕಡಿಮೆ.

ಕ್ಯಾಲಿಫೋರ್ನಿಯಾದಲ್ಲಿ 2025ರಿಂದ ಒಂದು ಕಾನೂನು ಜಾರಿಯಲ್ಲಿದೆ. ಕಂಪನಿ ಹಿಂದಕ್ಕೆ ಪಡೆಯಬಹುದಾದ ಡಿಜಿಟಲ್ ಸರಕನ್ನು ಮಾರುವಾಗ, ಇದು ಕೇವಲ ಪರವಾನಗಿ ಎಂದು ಸ್ಪಷ್ಟವಾಗಿ ತಿಳಿಸದೆ ‘ಖರೀದಿ’ ಎಂಬ ಪದ ಬಳಸುವಂತಿಲ್ಲ. ನಮ್ಮ 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿಯೂ ಅನ್ಯಾಯದ ಒಪ್ಪಂದ ಎಂದರೇನು ಎಂಬುದಕ್ಕೆ ವ್ಯಾಖ್ಯೆಯಿದೆ. ಸರಿಯಾದ ಕಾರಣವಿಲ್ಲದೆ ಒಂದು ಕಡೆಯವರೇ ಒಪ್ಪಂದ ಮುರಿಯಬಹುದು ಎಂಬ ಷರತ್ತೂ ಅದರೊಳಗೆ ಬರುತ್ತದೆ, ದೂರು ಹೋಗಬೇಕಾದದ್ದು ರಾಜ್ಯ ಆಯೋಗಕ್ಕೆ. ಆದರೆ ಆ ಬಾಗಿಲು ದುಡ್ಡು ಕೊಟ್ಟವರಿಗೆ. ಪುಕ್ಕಟೆ ಆಡಿದವನು ಗ್ರಾಹಕನೇ ಅಲ್ಲ ಎಂದುಬಿಟ್ಟಾರು. ಆಟದೊಳಗೆ ಯುಸಿ, ಅಂದರೆ ಆಟದ ನಾಣ್ಯವನ್ನು ದುಡ್ಡು ಕೊಟ್ಟು ಕೊಂಡವರು ಆ ಬಾಗಿಲನ್ನು ತಟ್ಟಿ ನೋಡಬಹುದು. ಇಲ್ಲಿ ವಕೀಲರಿದ್ದರೆ ಈ ವಿಷಯ ಕೈಗೆತ್ತಿಕೊಳ್ಳಿ. ಅಡಿಕೆ ವ್ಯಾಜ್ಯಗಳಿಗಿಂತ ಬೇಗ ಮುಗಿಯುತ್ತದೆ ಎಂಬ ಭರವಸೆಯನ್ನು ಮಾತ್ರ ನಾನು ಕೊಡಲಾರೆ.

ಕಾನೂನು ಬರುವಷ್ಟರಲ್ಲಿ ನೀವು ಮಾಡಬಹುದಾದದ್ದೂ ಇದೆ. ಆಟದ ಹೆಸರಿನಿಂದ ಮಾತ್ರ ಬಲ್ಲ ಗೆಳೆಯನ ಬಗ್ಗೆ ಮನೆಯಲ್ಲಿ ಹೇಳಿ, ಅವರಿಗೂ ಸರಿಯೆನಿಸಿದರೆ ಆಟದ ಹೊರಗೆ ಸಿಗುವ ಒಂದು ದಾರಿಯನ್ನು ಈಗಲೇ ಮಾಡಿಕೊಳ್ಳಿ. ನೀವು ಗೆದ್ದ ಪಂದ್ಯದ ವಿಡಿಯೊ ಎಲ್ಲರ ಬಳಿಯೂ ಇರುತ್ತದೆ. ಸುಮ್ಮನೆ ನಡೆಯುತ್ತ ಹರಟಿದ ಅರ್ಧ ಗಂಟೆಯನ್ನು ದಾಖಲಿಸಿಟ್ಟುಕೊಳ್ಳಿ, ಮುಂದೆ ಹುಡುಕುವುದು ಅದನ್ನೇ. ತಂದೆತಾಯಂದಿರಲ್ಲಿ ಒಂದೇ ವಿನಂತಿ: ಮಗ ‘ಆಟ ಮುಚ್ಚಿದರು’ ಎಂದು ಬಂದರೆ ಪುಸ್ತಕ ತೆಗೆ ಎನ್ನುವ ಮೊದಲು, ಜೊತೆಗೆ ಯಾರು ಯಾರು ಆಡುತ್ತಿದ್ದರು ಎಂದು ಕೇಳಿ. ಪುಸ್ತಕ ಹತ್ತು ನಿಮಿಷ ಕಾಯುತ್ತದೆ.

ಜಿಯೋ ಬಂದು ಎಲ್ಲರ ಕೈಗೂ ಇಂಟರ್ನೆಟ್ ಸಿಕ್ಕಿದ ಮೇಲೆ ನನ್ನ ಅಂಗಡಿಯೂ ಮುಚ್ಚಿತು, ನಿಮಗೆ ಗೊತ್ತಿದೆ. ಆದರೆ ಆ ಡಬ್ಬವನ್ನು ನಾನು ಗುಜರಿಗೆ ಹಾಕಿಲ್ಲ. ಬಳಗದ ಹುಡುಗರು ಪಕ್ಕದ ಕೋಣೆಯಲ್ಲಿ ಅದಕ್ಕೆ ಕೆಲವು ಹಳೆಯ ಕಂಪ್ಯೂಟರ್‌ಗಳನ್ನು ಜೋಡಿಸಿದ್ದಾರೆ. ಕೌಂಟರ್-ಸ್ಟ್ರೈಕ್ ನಡೆಯುತ್ತಿದೆ, ಇಂಟರ್ನೆಟ್ ಬೇಕಿಲ್ಲ. ಮೂವತ್ತು ದಾಟಿದವರಿಗೆ ಮೊದಲ ಆದ್ಯತೆ. ಚಹಾ, ಮಂಡಕ್ಕಿ ಹೊರಗೆ ಇದೆ, ಕೀಬೋರ್ಡಿನ ಹತ್ತಿರ ತರಬೇಡಿ.